ಮಂಗಳವಾಗದ ಕೆರೆಪಾಟ

ಆಶಾರಾಣಿ ವೈರು ಕಿತ್ತೆಸೆದಾಗ ಅವಳ ಅಮ್ಮನ ದನಿ ಅರ್ಧ ಸಾಲಿಗೇ ನಿಂತಿತು.

ಬೇವಿನ ಮರಕ್ಕೆ ಕಟ್ಟಿದ್ದ ಮೈಕಿನ ಹಾರನ್ನು ಒಂದು ಸಲ ಗುಂಯ್ ಅಂದು ಸುಮ್ಮನಾಯಿತು. ಅದರ ಕೆಳಗೆ ದೊಡ್ಡಗಂಗಮ್ಮನ ಹೆಣವನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಾಯಿ ಬಿಚ್ಚಿಕೊಳ್ಳದಂತೆ ದವಡೆಗೆ ಬಿಳಿ ಬಟ್ಟೆ ಬಿಗಿದು ನೆತ್ತಿಯ ಮೇಲೆ ಗಂಟು ಹಾಕಿದ್ದರು. ಕಟ್ಟಿಹಾಕಿದ ಆ ಬಾಯಿಯ ದನಿಯೇ ಇಷ್ಟು ಹೊತ್ತು ಮರದ ಮೇಲಿನಿಂದ ಮಂಗಳ ಹಾಡುತ್ತಿತ್ತು. ಹೆಣದ ಮುಂದೆ ಮಂಗಳ. ಅಳುತ್ತಿದ್ದ ಹೆಂಗಸರು ಅಳು ಮರೆತು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು. ಹಾರ ಹಾಕಲು ಬಂದಿದ್ದವನೊಬ್ಬ ಹಾರವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದ.

ಮೈಕ್ ಸೆಟ್ಟಿನ ಸುರೇಶ್ ಕಿತ್ತುಹೋದ ವೈರಿನ ತುದಿ ಹಿಡಿದುಕೊಂಡು ತಡವರಿಸಿದ.

“ನಂದೇನ್ ತಪ್ಪಿಲ್ಲಕ್ಕ. ಸೆಕ್ರೆಟ್ರಿಗಳು ಅಮ್ಮನ್ ವಾಯ್ಸ್ ಹಾಕು ಅಂದ್ರು. ಅಮ್ಮನ್ ವಾಯ್ಸಲ್ಲಿ ಇರೋದೇ ಇದೊಂದು.”

ಅದು ನಿಜವೇ. ದೊಡ್ಡಗಂಗಮ್ಮ ಬದುಕಿಡೀ ಮೈಕಿನ ಮುಂದೆ ಹಾಡಿದ್ದು ಒಂದೇ ಹಾಡು. ಚಿಂತಲಕೆರೆಯ ಕೆರೆಪಾಟದಲ್ಲಿ, ಒಣಗಿದ ಕೆರೆಯಂಗಳದಲ್ಲಿ ನಡೆಯುವ ಹಾಡಿನ ಹಬ್ಬದಲ್ಲಿ, ವರ್ಷಕ್ಕೊಂದು ಸಲ, ಎಲ್ಲರೂ ಹಾಡಿ ಮುಗಿಸಿದ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ, ಕೊನೆಯ ಮಂಗಳ. ಉಳಿದ ದಿನಗಳಲ್ಲಿ ಅವಳು ರಾಗಿ ಬೆಳೆದಳು, ಹಿಪ್ಪುನೇರಳೆ ಸೊಪ್ಪು ಕೊಯ್ದಳು, ರೇಷ್ಮೆಹುಳು ಸಾಕಿದಳು, ಗಂಡ ಮುನಿಯಲ್ಲಪ್ಪನನ್ನು ಕೆರೆಯಾಚೆಯ ಹೊಲದಲ್ಲಿ ಮಣ್ಣು ಮಾಡಿದಳು, ಮಗಳನ್ನೂ ಮಗನನ್ನೂ ದೊಡ್ಡವರನ್ನಾಗಿ ಮಾಡಿದಳು. ನಿನ್ನೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತ ಸ್ವಲ್ಪ ಸುಸ್ತು ಅಂತ ಕೂತವಳು ಏಳಲಿಲ್ಲ. ಹುಳುಗಳು ಮಾತ್ರ ಸೊಪ್ಪು ಮೇಯುತ್ತಲೇ ಇದ್ದವು. ಸಣ್ಣ ಮಳೆ ಬಿದ್ದಂಥ ಆ ಸದ್ದು ಈಗಲೂ ಒಳಗಿನಿಂದ ಕೇಳಿಬರುತ್ತಿತ್ತು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕೋದಂಡರಾಮಪ್ಪ ನಿಧಾನಕ್ಕೆ ಎದ್ದು ಬಂದ. ಕೆರೆಪಾಟದ ಕಮಿಟಿಗೆ ಅವನು ಕಾರ್ಯದರ್ಶಿ. ಹಿಂದಿನವರು ಸತ್ತು ಅವನು ಬಂದ, ಆಮೇಲೆ ಅವನು ಬಿಡಲೂ ಇಲ್ಲ, ಸಾಯಲೂ ಇಲ್ಲ. ಕೋಲಾರದಿಂದ ಕಾರಿನಲ್ಲಿ ಒಂದು ಶಾಲು, ಒಂದು ಸುಗಂಧರಾಜದ ಹಾರ, ಕಮಿಟಿಯ ಹೆಸರಿದ್ದ ಒಂದು ಬ್ಯಾನರು ತಂದಿದ್ದ. ಬದುಕಿದ್ದಾಗ ಹೊದಿಸಿದ ಶಾಲುಗಳೇ ಟ್ರಂಕಿನಲ್ಲಿ ನುಸಿ ಹಿಡಿದು ಬಿದ್ದಿದ್ದವು. ಇನ್ನೊಂದು ಯಾಕೆ ಬೇಕಿತ್ತೆಂದು ಯಾರೂ ಕೇಳಲಿಲ್ಲ. ಇಂಥವರನ್ನು ಯಾರೂ ಏನೂ ಕೇಳುವುದಿಲ್ಲ. ಬಿಳಿ ಪಂಚೆ, ಬಿಳಿ ಷರಟು, ಮೆತ್ತಗಿನ ಮಾತು. ತಾನು ಗೌರವ ಅಂತ ಮಾಡಿಸಿದ್ದು, ಸುರೇಶ ಯೋಚನೆ ಮಾಡದೆ ಹಾಕಿಬಿಟ್ಟ ಎಂದು ನೆರೆದವರಿಗೆಲ್ಲ ಕೇಳುವ ಹಾಗೆ ಹೇಳಿದ.

“ಹಾಡೋದಾದ್ರೆ ನಾನು ಹಾಡ್ತೀನಿ,” ಎಂದಳು ಆಶಾರಾಣಿ. “ಇಲ್ಲಲ್ಲ. ಕೆರೆ ಹತ್ರ. ಮಣ್ಣು ಮಾಡೋಕೆ ಮುಂಚೆ. ಅಮ್ಮ ಹೇಳಿದ್ದಾಳೆ.”

ಚಟ್ಟ ಕಟ್ಟುತ್ತಿದ್ದವರ ಕೈ ನಿಂತಿತು. ತಮ್ಮ ಕಾಂತರಾಜ್ ಹಗ್ಗ ಬಿಟ್ಟು ಎದ್ದು ನಿಂತ. ಟೊಮೆಟೊ ಗಾಡಿ ಓಡಿಸುವವನು, ಕೋಲಾರದ ಮಂಡಿಯಲ್ಲಿ ಬೆಳಗಾನ ಕೂಗಿ ಕೂಗಿ ಗಂಟಲು ಒಡೆದವನು. ಆದರೆ ಈಗ ಅವನ ದನಿ ಏಳಲಿಲ್ಲ. ಒಳಗೆ ತನ್ನ ಹೆಂಡತಿ ಮೌನಿಕಾ ತುಂಬು ಬಸುರಿ, ಮನೆಯಲ್ಲಿ ಸಾವಾಗಿದೆ, ಇದರ ಮೇಲೆ ಹೆಣ ಇಟ್ಟುಕೊಂಡು ಮಂಗಳ ಬೇರೆ ಹಾಡಿ ಹುಟ್ಟುವ ಮಗುವಿನ ತಲೆಗೆ ಏನು ತರಬೇಕು ಅಂತಿದ್ದೀಯ ಎಂದು ಅಕ್ಕನ ಹತ್ತಿರ ಬಂದು ಕೇಳಿದ.

“ಅಮ್ಮ ಹೇಳಿದ್ದು ನಿನಗೂ ಗೊತ್ತು.”

“ಗೊತ್ತು. ಅಮ್ಮಂಗೆ ಆರು ವರ್ಷದಿಂದ ಅದೇ ಹುಚ್ಚು. ನಿಂಗೂ ಹಿಡೀಬೇಕಾ ಅಕ್ಕ?”

ಆಶಾರಾಣಿ ತಮ್ಮ ಬಿಟ್ಟ ಹಗ್ಗವನ್ನು ಎತ್ತಿ ಚಟ್ಟ ಕಟ್ಟುವವರ ಕೈಗೆ ಕೊಟ್ಟಳು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು, ಈಗ ಲಕ್ಕೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿಕೊಂಡು, ಗಂಡ ಬಿಟ್ಟುಹೋದ ಮೇಲೂ ಯಾರ ಮುಂದೂ ಕೈಚಾಚದೆ ಇದ್ದವಳು. ಅವಳಿಗೆ ಸಿಟ್ಟು ಬಂದಾಗ ಮಾತು ಬರುತ್ತಿರಲಿಲ್ಲ, ದವಡೆ ಬಿಗಿಯುತ್ತಿತ್ತು. ಅಮ್ಮನಿಗೆ ಬಿಳಿ ಬಟ್ಟೆ ಬಿಗಿದ ಹಾಗೆ.

*

ಕೆರೆಪಾಟ ಶುರುವಾದದ್ದು ಕೆರೆ ಒಣಗಿದ ವರ್ಷ. ತಾಯಲೂರಿನಿಂದ ಈಚೆಗೆ ಸರ್ಕಾರದವರು ಕೆರೆಯ ಹೂಳು ತೆಗೆಸುತ್ತಿದ್ದರು. ಕೂಲಿಗೆ ಕಾಳು ಕೊಡುತ್ತಿದ್ದರು. ಕೆರೆಯಂಗಳದ ನಡುವೆ ಆನೆ ಮಲಗಿದ ಹಾಗೆ ಒಂದು ಬಂಡೆ. ಕೆಲಸ ಬಿಟ್ಟ ಮೇಲೆ ಅದರ ಮೇಲೆ ಕೂತು ಯಾರೋ ತತ್ವಪದ ಹಾಡಿದರು. ತೆಲುಗಿನವರು ತೆಲುಗಿನಲ್ಲಿ, ಕನ್ನಡದವರು ಕನ್ನಡದಲ್ಲಿ, ಎರಡೂ ಬರುವವರು ಎರಡನ್ನೂ ಕಲಸಿ. ಒಂದು ದಿನ ಕೆಲಸಕ್ಕೆ ರಜ ಸಿಕ್ಕಾಗ ಬೆಳಗ್ಗೆಯಿಂದಲೇ ಹಾಡಿದರು. ಸಂಜೆಯಾಯಿತು. ಎಲ್ಲರ ಗಂಟಲೂ ಬಿದ್ದುಹೋಗಿ, ಮಂಗಳ ಹಾಡುವವರು ಯಾರೂ ಇಲ್ಲವಾಯಿತು. ಆಗ ತಲೆಯ ಮೇಲೆ ಸೊಪ್ಪಿನ ಮಂಕರಿ ಇಟ್ಟುಕೊಂಡೇ ನಿಂತಿದ್ದ ಹೊಸ ಸೊಸೆಯೊಬ್ಬಳು ತವರಿನ ಕಡೆಯ ಒಂದು ಹಸೆಹಾಡನ್ನು ಅಲ್ಲಿಗೆ ಹೊಂದಿಸಿ ಹಾಡಿಬಿಟ್ಟಳು.

ಕೆರೆಗೆ ಮಂಗಳ, ಕಟ್ಟೆಗೆ ಮಂಗಳ,
ಕೂತ ಮಣ್ಣಿಗೆ, ಎದ್ದ ಕಾಲಿಗೆ ಮಂಗಳ,
ದಾರಿ ಬಿಡು ತಾಯಿ, ಮನೆಗೆ ಹೋಗೋರಿಗೆ ಮಂಗಳ.

ಅಷ್ಟೇ. ಮೂರು ಸಾಲು. ಆ ಮೂರು ಸಾಲಿಗೆ ದೊಡ್ಡಗಂಗಮ್ಮ ಜೀವಮಾನವಿಡೀ ಕಟ್ಟುಬಿದ್ದಳು.

ಮುಂದಿನ ವರ್ಷ ಮಾಘದಲ್ಲಿ ಮತ್ತೆ ಮಾಡಿದರು. ಕೆರೆ ಆಗಲೂ ಒಣಗಿತ್ತು. ಶ್ರೀನಿವಾಸಪುರದ ಕಡೆಯಿಂದ ಎತ್ತಿನ ಗಾಡಿ ಬಂದವು, ಆಮೇಲೆ ಲಾರಿ ಬಂದವು, ಆಮೇಲೆ ಬೆಂಗಳೂರು, ಮದ್ರಾಸಿನಿಂದ ವಿದ್ವಾಂಸರು ಕಾರಿನಲ್ಲಿ ಬಂದರು. ಮೊದಮೊದಲು ಬಂಡೆಯ ಮೇಲೆ ಹಾಡಿದ ಹೂಳಿನವರು ಮೆಲ್ಲಗೆ ಬಂಡೆಯ ಕೆಳಗೆ ಇಳಿದರು, ಇನ್ನೂ ಕೆಲವು ವರ್ಷಕ್ಕೆ ಚಪ್ಪರ ಹಾಕುವವರಾದರು, ಪಾತ್ರೆ ತೊಳೆಯುವವರಾದರು. ಯಾರೂ ಹೊಡೆದು ಇಳಿಸಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ದೊಡ್ಡಗಂಗಮ್ಮನನ್ನು ಮಾತ್ರ ಇಳಿಸಲಾಗಲಿಲ್ಲ. ಅದಕ್ಕೆ ಕಾರಣ ಭಯ.

ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ಇದೇ ಊರಿನ ಆಂಜಿನಪ್ಪನ ಅಣ್ಣ ಮಂಗಳಕ್ಕೆ ಮುಂಚೆ ಎದ್ದು ಹೊರಟಿದ್ದ. ಮುಳಬಾಗಿಲಿನ ಕೊನೆಯ ಬಸ್ಸು ಹಿಡಿಯಬೇಕಿತ್ತು. ಬೆಳಗ್ಗೆ ದನ ಬಿಡಲು ಹೋದವರು ನೋಡಿದರೆ ಅವನು ಒಣಕೆರೆಯ ಅಂಗಳದಲ್ಲಿ ಸುತ್ತುತ್ತಿದ್ದ. ಚಪ್ಪಲಿ ಸವೆದು ಹಿಮ್ಮಡಿಯಿಂದ ರಕ್ತ ಬಂದಿತ್ತು. ಕಟ್ಟೆ ಕಣ್ಣೆದುರಿಗೇ ಇತ್ತು. ಹಿಡಿದು ನಿಲ್ಲಿಸಿದವರನ್ನು ಅವನು ಕೇಳಿದ್ದು ಒಂದೇ ಮಾತು: ಕಟ್ಟೆ ಎಲ್ಲಿ ಹೋಯ್ತು?

ಅಂದಿನಿಂದ ಮಂಗಳವಾಗುವವರೆಗೆ ಯಾರೂ ಏಳಲಿಲ್ಲ. ವಿದ್ವಾಂಸರು ನಗುತ್ತಲೇ ಕೂತರು, ಆದರೆ ಕೂತರು. ಕುಡಿದು ಬಂದವರೂ ಕೂತರು. ಮಕ್ಕಳು ಅಳುತ್ತ ಕೂತವು. ದೊಡ್ಡಗಂಗಮ್ಮ ಮಾಸಿದ ಸೀರೆಯಲ್ಲೇ ಬಂಡೆ ಹತ್ತಿ ಮೂರು ಸಾಲು ಹಾಡಿ, ಇಳಿದು, ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಎಲ್ಲರಿಗಿಂತ ಮುಂಚೆ ಮನೆಗೆ ಹೋಗಿಬಿಡುತ್ತಿದ್ದಳು.

*

ಒಳಗಿನ ಕೋಣೆಯಲ್ಲಿ ಮೌನಿಕಾ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಹೆಣದ ಹತ್ತಿರ ಬರಬಾರದೆಂದು ಅವಳನ್ನು ಅಲ್ಲಿ ಕೂರಿಸಿ ಬಾಗಿಲು ಮರೆಮಾಡಿದ್ದರು. ಅವಳ ಜೊತೆಗೆ ಭಾರತಮ್ಮ ಇದ್ದಳು. ದೊಡ್ಡಗಂಗಮ್ಮನ ಓರಗೆಯವಳು, ಅವಳ ಜೊತೆ ಹೂಳು ಹೊತ್ತವಳು.

ಆಶಾರಾಣಿ ನೀರು ಕುಡಿಯಲು ಬಂದಳು. ಅವಳ ಹಿಂದೆಯೇ ಕೋದಂಡರಾಮಪ್ಪನೂ ಬಂದು ಹೊಸ್ತಿಲ ಹೊರಗೆ ನಿಂತ. ಸಮಾಧಾನ ಹೇಳುವವನ ಹಾಗೆ ಶುರು ಮಾಡಿದ. ಬರುವ ತಿಂಗಳು ಕೋಲಾರದಲ್ಲಿ ಉತ್ಸವ, ಈ ವರ್ಷ ವೇದಿಕೆಗೆ ಅಮ್ಮನ ಹೆಸರೇ ಇಡುತ್ತೇವೆ, ಫೋಟೋ ದೊಡ್ಡದಾಗಿ ಹಾಕಿಸುತ್ತೇವೆ, ಕಾಂತರಾಜನಿಗೂ ಒಪ್ಪಿಗೆಯಿದೆ. ಇಂಥ ಹೊತ್ತಿನಲ್ಲಿ ಕೆರೆಯ ಹತ್ತಿರ ಮಂಗಳ ಹಾಡಿ ಜನರ ಬಾಯಿಗೆ ಬೀಳುವುದು ಬೇಡ.

“ಜನರ ಬಾಯಿಗೆ ಬಿದ್ರೆ ನಿಮಗೇನ್ ಕಷ್ಟ?” ಎಂದಳು ಆಶಾರಾಣಿ.

ಅವನು ಹೊಸ್ತಿಲಿಗೆ ಇನ್ನೂ ಹತ್ತಿರ ಬಂದ. ಆಮೇಲೆ ಮಗುವಿಗೆ ತಿಳಿಸುವವನ ಹಾಗೆ ಹೇಳಿದ: “ಇನ್ನೂ ಮುಗಿದಿಲ್ಲ ಅನ್ನೋದೇ ನಮ್ಮ ಉತ್ಸವದ ಜೀವ ಕಣಮ್ಮ. ಅದನ್ನ ಮುಗಿಸಿಬಿಟ್ರೆ ನಮ್ಮ ಹತ್ರ ಏನುಳಿತದೆ?”

ಅವನು ಸುಳ್ಳು ಹೇಳಲಿಲ್ಲ. ಆರು ವರ್ಷದ ಹಿಂದೆ, ಹಾಡಿನ ನಡುವೆಯೇ ಕೆರೆಗೆ ನೀರು ಬಂದ ಮೇಲೆ ಕಮಿಟಿಯವರು ಉತ್ಸವವನ್ನು ಕೋಲಾರದ ಒಂದು ಮೈದಾನಕ್ಕೆ ಒಯ್ದಿದ್ದರು. ‘ಮಂಗಳವೇ ಕಾಣದ ಸಂಗೀತೋತ್ಸವ’ ಎಂದು ಬಸ್ ಸ್ಟ್ಯಾಂಡಿನ ಎದುರು ಬ್ಯಾನರು ಕಟ್ಟುತ್ತಿದ್ದರು. ಅಲ್ಲಿ ಕುರ್ಚಿ ಹಾಕುತ್ತಾರೆ, ಜನ ಬೇಕಾದಾಗ ಬಂದು ಬೇಕಾದಾಗ ಎದ್ದು ಹೋಗುತ್ತಾರೆ. ಕೊನೆಗೆ ದೊಡ್ಡಗಂಗಮ್ಮನ ಹಳೆಯ ರೆಕಾರ್ಡಿಂಗು ಹಾಕಿ, ಮೂರನೆಯ ಸಾಲು ಬರುವ ಮುಂಚೆಯೇ ನಿಲ್ಲಿಸಿ, ಚಪ್ಪಾಳೆ ತಟ್ಟಿಸುತ್ತಾರೆ. ಒಂದು ವರ್ಷ ಅವಳನ್ನೇ ಕರೆದೊಯ್ದು ಮೊದಲನೆಯ ಸಾಲಿನಲ್ಲಿ ಕೂರಿಸಿ ಅವಳ ದನಿಯನ್ನು ಅವಳಿಗೇ ಕೇಳಿಸಿದ್ದರು. ಜನ ಹೋದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ. ಏಳಲು ಆಗುತ್ತಿಲ್ಲ ಎಂದಳು. ಕಾಂತರಾಜ್ ಎತ್ತಿಕೊಂಡು ಗಾಡಿಗೆ ಹಾಕಿದ್ದ.

ಕೋದಂಡರಾಮಪ್ಪ ಹೊರಗೆ ಹೋದ. ಭಾರತಮ್ಮ ಅವನು ಹೋದ ಕಡೆ ನೋಡಿದಳು. ನೀರು ಬಂದ ದಿನ ಎಲ್ಲರಿಗಿಂತ ಮುಂಚೆ ಎದ್ದು ಓಡಿದವನು ಇವನೇ ಎಂದಳು. ಅದನ್ನು ಬೈಗುಳದ ಹಾಗೆ ಹೇಳಲಿಲ್ಲ, ಪಾಪ ಎನ್ನುವ ಹಾಗೆ ಹೇಳಿದಳು.

“ಹಾಡಿಬಿಡಿ ಅತ್ಗೆ,” ಎಂದಳು ಮೌನಿಕಾ. ಕೈಯೆರಡನ್ನೂ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. “ಅವರು ನನ್ನ ಹೆಸ್ರು ಹೇಳ್ಕೊಂಡು ಬೇಡ ಅಂತಾರೆ. ನನ್ನ ಯಾರೂ ಕೇಳ್ಲಿಲ್ಲ. ಸಂಜೆ ಆದ್ರೆ ಅತ್ತೆ ಹಿತ್ಲಲ್ಲಿ ನಿಂತು ಕೆರೆ ಕಡೆ ನೋಡ್ಕೊಂಡು, ಕೂತಿರಿ, ಕೂತಿರಿ, ಬರ್ತೀನಿ ಅಂತಿದ್ರು. ನಾನು ದಿನಾ ಕೇಳಿದೀನಿ. ಮುಗೀದೆ ಇರೋದನ್ನ ಮನೇಲಿ ಇಟ್ಕೊಂಡು ನಾನು ಹೆರೋಲ್ಲ.”

*

ನೀರು ಬಂದ ದಿನ ಆಶಾರಾಣಿ ಅಲ್ಲೇ ಇದ್ದಳು.

ಬೆಂಗಳೂರಿನಿಂದ ಕೊಳವೆಯಲ್ಲಿ ಬಂದ ನೀರು ಒಂದೊಂದೇ ಕೆರೆ ತುಂಬಿಕೊಂಡು ಈ ಕಡೆಗೆ ಬರುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೇಲಿನ ಕೆರೆ ತುಂಬಲು ಇನ್ನೂ ದಿನ ಹಿಡಿಯುತ್ತದೆ, ಅಷ್ಟರಲ್ಲಿ ಆ ವರ್ಷದ ಕೆರೆಪಾಟ ಮುಗಿಸಿಬಿಡೋಣ ಎಂದು ಕಮಿಟಿ ಹೇಳಿತ್ತು. ಮಧ್ಯಾಹ್ನ ಕಳೆದಿತ್ತು. ಬಂಡೆಯ ಮೇಲೆ ಪಿಟೀಲು ನಡೆಯುತ್ತಿತ್ತು. ಅಂಗಳದ ತುಂಬ ಜನ ಬಿರುಕು ಬಿಟ್ಟ ಮಣ್ಣಿನ ಮೇಲೆ ಕೂತಿದ್ದರು. ನೀರು ಪ್ರವಾಹದ ಹಾಗೆ ಬರಲಿಲ್ಲ. ಮಣ್ಣಿನ ಬಿರುಕುಗಳೊಳಗೆ ಮೊದಲು ಬಂತು. ಕೂತಿದ್ದವರ ಕೆಳಗಿನಿಂದ, ಸದ್ದಿಲ್ಲದೆ, ಮೆಲ್ಲಗೆ ಏರಿತು. ಮಡಿಲಲ್ಲೇ ಒದ್ದೆ ಮಾಡಿಕೊಂಡಿತೆಂದು ಒಬ್ಬ ತಾಯಿ ತನ್ನ ಮಗುವನ್ನು ಗದರಿಸಿದಳು. ಆಮೇಲೆ ಅವಳ ಸೀರೆಯೂ ಒದ್ದೆಯಾಗಿತ್ತು, ಪಕ್ಕದವಳದೂ.

ಆಗ ಬಂಡೆಯ ಮೇಲಿದ್ದ ಕೋದಂಡರಾಮಪ್ಪ ಮೈಕಿನಲ್ಲಿ ಏನೂ ಹೇಳದೆ ಪಂಚೆ ಎತ್ತಿಕಟ್ಟಿಕೊಂಡು ಇಳಿದು ಕಟ್ಟೆಯ ಕಡೆಗೆ ಓಡಿದ. ಅವನನ್ನು ನೋಡಿ ಎಲ್ಲರೂ ಓಡಿದರು. ಮೊಣಕಾಲುದ್ದ ನೀರೂ ಇರಲಿಲ್ಲ, ಯಾರೂ ಸಾಯಲಿಲ್ಲ. ಚಪ್ಪಲಿ ಹೋದವು, ಒಂದು ಹಾರ್ಮೋನಿಯಂ ಹೋಯಿತು. ಕಟ್ಟೆಯ ಮೇಲೆ ನಿಂತು ಜನ ನಗುತ್ತಿದ್ದರು, ಒಬ್ಬರಿಗೊಬ್ಬರು ತೋರಿಸಿಕೊಂಡು ಬಟ್ಟೆ ಹಿಂಡುತ್ತಿದ್ದರು.

ದೊಡ್ಡಗಂಗಮ್ಮ ಬಂಡೆಯ ಮೇಲೆ ಒಬ್ಬಳೇ ನಿಂತಿದ್ದಳು. ಮಗಳೂ ಮಗನೂ ನೀರಿನಲ್ಲಿ ನಡೆದುಹೋಗಿ ಎಳೆದರೂ ಬರಲಿಲ್ಲ. ಎದುರಿಗೆ ನೀರು ಅಂಗಳವನ್ನೆಲ್ಲ ಮುಚ್ಚಿ ಸಪಾಟಾಗಿ ಹೊಳೆಯುತ್ತಿತ್ತು. ಅವಳು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸುತ್ತಿದ್ದಳು, ಪ್ರತಿ ವರ್ಷ ಹಾಡುವ ಮುಂಚೆ ಜನರ ಮೇಲೆ ಆಡಿಸುತ್ತಿದ್ದ ಹಾಗೆ.

“ಎಲ್ಲಾ ಕೂತೇ ಇದ್ದಾರಲ್ಲೋ ಕಾಂತ,” ಎಂದಳು. “ಓಡಿದ್ದು ಯಾರು?”

ಕಾಂತರಾಜ್ ಅವಳ ಸೊಂಟ ಹಿಡಿದು ಹೊತ್ತುಕೊಂಡು ಬಂದ. ಅವಳ ಬಾಯಿಂದ ಮಂಗಳ ಬರಲಿಲ್ಲ. ಅವತ್ತಿನಿಂದ ಯಾವ ಮದುವೆಯಲ್ಲೂ, ಯಾವ ಆರತಿಯಲ್ಲೂ ಅವಳು ಬಾಯಿ ಬಿಡಲಿಲ್ಲ. ಕೆರೆಪಾಟ ಇನ್ನೂ ನಡೀತಿದೆ, ಅದು ಮುಗಿಯೋ ತನಕ ಬೇರೆ ಹಾಡೋ ಹಾಗಿಲ್ಲ ಎನ್ನುತ್ತಿದ್ದಳು. ಕಟ್ಟೆಯಿಂದ ಹಾಡಿದರೆ ಆಗದೇ ಎಂದು ಆಶಾರಾಣಿ ಒಮ್ಮೆ ಕೇಳಿದಾಗ, ತಾನು ಎದ್ದುಬಂದವಳು, ಎದ್ದುಬಂದವರ ದನಿ ಅಲ್ಲಿ ಕೂತವರಿಗೆ ಕೇಳುವುದಿಲ್ಲ ಎಂದಿದ್ದಳು. ಕಳೆದ ವಾರ ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ, ಉಪ್ಪು ಖಾರದ ವಿಷಯ ಹೇಳುವ ಹಾಗೆ ಹೇಳಿದಳು:

“ನನ್ನ ಹೂಳೋಕೆ ಮುಂಚೆ ನೀನು ಹಾಡಿಬಿಡೇ. ಹೆಣ ನಿನ್ನ ಬೆನ್ನಿಗಿರ್ಲಿ, ಮುಖ ನೀರಿಗಿರ್ಲಿ. ಹೆಣ ಎದ್ದು ಹೋಗಲ್ಲ, ಅದು ಜೊತೆಗಿದ್ರೆ ನಿನ್ನ ದನಿ ಅವ್ರಿಗೆ ಕೇಳ್ತದೆ. ಇಲ್ಲಾಂದ್ರೆ ನಾನೂ ಹೋಗಿ ಅವ್ರ ಜೊತೆ ಕೂತ್ಕೋಬೇಕಾಗ್ತದೆ.”

*

ಬಿಸಿಲು ಇಳಿಯುವ ಮುಂಚೆ ಹೆಣ ಎತ್ತಿದರು. ತಮಟೆಯವರು ಮುಂದೆ, ಅವರ ಹಿಂದೆ ಒದ್ದೆ ಬಟ್ಟೆಯಲ್ಲಿ ಕಾಂತರಾಜ್, ಅವನ ಹಿಂದೆ ಚಟ್ಟ. ಹೆಗಲು ಕೊಟ್ಟವರಲ್ಲಿ ಆಂಜಿನಪ್ಪ ಹಿರಿಯ. ಆಶಾರಾಣಿ ಚಟ್ಟದ ಹಿಂದೆ ಭಾರತಮ್ಮನ ಕೈ ಹಿಡಿದು ನಡೆದಳು. ಕೋದಂಡರಾಮಪ್ಪ ಕಾರಿನಲ್ಲಿ ಹೋಗಬಹುದಿತ್ತು, ಆದರೆ ನಡೆದೇ ಬಂದ. ಆಶಾರಾಣಿಯ ಪಕ್ಕ ಬಿಡದೆ ಬಂದ.

ಹೊಲಕ್ಕೆ ಹೋಗಲು ಇರುವುದು ಕಟ್ಟೆಯ ಮೇಲಿನ ದಾರಿಯೊಂದೇ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಟೊಮೆಟೊ ತೋಟ. ಆಚೆ ತುದಿಯಲ್ಲಿ ತೂಬು, ತೂಬಿನ ಹತ್ತಿರ ಒಂದು ಹುಣಸೆಮರ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಆ ಮರ ಮುಟ್ಟಬಹುದು. ಮಾಘದ ಸಂಜೆ, ಗಾಳಿ ಇರಲಿಲ್ಲ. ಇಷ್ಟು ದೊಡ್ಡ ನೀರಿನ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ತಮಟೆಯ ಸದ್ದು ನೀರಿಗೆ ಹೋಗಿ ತಟ್ಟಿ, ಸ್ವಲ್ಪ ತಡವಾಗಿ, ಸ್ವಲ್ಪ ಬೇರೆಯಾಗಿ ವಾಪಸು ಬರುತ್ತಿತ್ತು. ತಮಟೆಯವರು ಅದಕ್ಕೆ ಹೊಂದಿಕೊಳ್ಳಲಾಗದೆ ತಾಳ ತಪ್ಪಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಬಾರಿಸುವುದನ್ನು ಬಿಟ್ಟರು. ನೀರಿನ ಕಡೆಯ ಸದ್ದು ಆಮೇಲೂ ಕೆಲವು ಪೆಟ್ಟು ನಡೆಯಿತು.

ನಡೆದರು. ಕಾಂತರಾಜನ ಪಕ್ಕದವನು ಮೊರದಿಂದ ಕಡ್ಲೆಪುರಿ ತೆಗೆದು ದಾರಿಗೆ ಎರಚುತ್ತಿದ್ದ. ಹೆಗಲು ಬದಲಾಯಿಸಿದರು, ಮತ್ತೆ ನಡೆದರು. ಆಂಜಿನಪ್ಪ ತಲೆ ಎತ್ತಿ ಹುಣಸೆಮರ ನೋಡಿದ, ತಲೆ ತಗ್ಗಿಸಿದ, ಇನ್ನಷ್ಟು ದೂರ ನಡೆದು ಮತ್ತೆ ಎತ್ತಿ ನೋಡಿದ. ಅವನ ಕತ್ತಿನ ನರ ಉಬ್ಬಿಕೊಂಡಿತ್ತು.

ಕಾಂತರಾಜ್ ಥಟ್ಟನೆ ನಿಂತ. ಹಿಂದಿನವರು ಅವನಿಗೆ ಹಾಯುವಷ್ಟರಲ್ಲಿ ಚಟ್ಟ ಓಲಾಡಿ ನಿಂತಿತು.

ಅವನ ಮುಂದೆ, ಅವರು ಇನ್ನೂ ಕಾಲಿಡದ ದಾರಿಯಲ್ಲಿ, ಪುರಿ ಬಿದ್ದಿತ್ತು. ಮರದ ಕಡೆಗೆ ಕಣ್ಣು ಹೋಗುವಷ್ಟು ದೂರವೂ ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಕಾಲಿನ ಗುರುತುಗಳಿದ್ದವು, ತುಳಿದು ಪುಡಿಯಾಗಿತ್ತು. ಮೊರ ಹಿಡಿದವನು ಮೊರದೊಳಗೆ ನೋಡಿದ. ಮೊರ ಬರಿದಾಗಿತ್ತು.

ಇಳಿಸೋಣ ಎಂದ ಆಂಜಿನಪ್ಪ. ಚಟ್ಟವನ್ನು ಕಟ್ಟೆಯ ಮೇಲೆ ಇಳಿಸಿದರು. ಅವನ ದನಿಯಲ್ಲಿ ಹೆದರಿಕೆಗಿಂತ ಆಯಾಸವಿತ್ತು. ಅಣ್ಣ ಹೇಳುತ್ತಿದ್ದದ್ದನ್ನು ತಾನು ನಂಬಿರಲಿಲ್ಲ, ಕುಡಿದಿದ್ದ ಅಂದುಕೊಂಡಿದ್ದೆ ಎಂದು ಯಾರಿಗೋ ಅನ್ನುವ ಹಾಗೆ ಹೇಳಿದ. ಹಿಂದೆ ತಿರುಗಿ ನೋಡಿದರೆ ಊರು ಕೂಡ ಕಟ್ಟೆ ಹತ್ತಿದಾಗ ಇದ್ದಷ್ಟೇ ದೂರದಲ್ಲಿತ್ತು. ಮನೆಯ ಬೇವಿನ ಮರ, ಅದರ ಮೇಲಿನ ಹಾರನ್ನು, ಎಲ್ಲ ಕಾಣುತ್ತಿತ್ತು. ಸೂರ್ಯ ಮಾತ್ರ ಇಳಿಯುತ್ತಿದ್ದ. ಅವನಿಗೆ ದಾರಿ ತಪ್ಪಿರಲಿಲ್ಲ.

ವಾಪಸು ಹೋಗೋಣ ಎಂದರು ಯಾರೋ. ಹೆಣ ಹೊತ್ತು ಹೊರಟ ಮೇಲೆ ವಾಪಸು ಹೋಗುವುದು ಎಲ್ಲಿಂದ ಬಂತು ಎಂದರು ಇನ್ಯಾರೋ. ಕಾಂತರಾಜ್ ಪುರಿಯನ್ನೇ ನೋಡುತ್ತ ಕೂತುಬಿಟ್ಟಿದ್ದ. ತಲೆ ಎತ್ತಿ ಅಕ್ಕನನ್ನು ಹುಡುಕಿದ.

“ಮಗೂಗೆ ಏನಾದ್ರೂ ಆದ್ರೆ?” ಎಂದ. ಇಷ್ಟು ಹೊತ್ತಿನ ಬಿಗಿ ಈಗ ಇರಲಿಲ್ಲ, ಕೇಳಿಕೊಂಡ ಹಾಗಿತ್ತು.

“ಮೌನಿಕಾನೇ ಹಾಡು ಅಂದಿದ್ದಾಳೆ ಕಣೋ.”

ಅವನು ಮುಖ ಒರೆಸಿಕೊಂಡ. “ಹಾಗಾದ್ರೆ ಹಾಡಕ್ಕ.”

ಕೋದಂಡರಾಮಪ್ಪ ನಡುವೆ ಬಂದು ನಿಂತ. ಮಾತು ಮೆತ್ತಗೇ ಇತ್ತು. ಇದೆಲ್ಲ ಭ್ರಮೆ, ಬಿಸಿಲಿನಲ್ಲಿ ಹೀಗೆ ಆಗುತ್ತದೆ, ತಾನು ಕೋಲಾರಕ್ಕೆ ಫೋನು ಮಾಡುತ್ತೇನೆ, ಗಾಡಿ ತರಿಸುತ್ತೇನೆ ಎಂದ. ಯಾರೂ ಅಲುಗಲಿಲ್ಲ. ಆಗ ಅವನು ಆಶಾರಾಣಿಯ ಮುಂದೆ ಕೈ ಮುಗಿದ. ಮುಗಿಸಬೇಡ ಎಂದ. ಆ ಮಾತಿನಲ್ಲಿ ಕಮಿಟಿಯಿರಲಿಲ್ಲ, ಬ್ಯಾನರಿರಲಿಲ್ಲ.

“ಮುಗಿದ್ಮೇಲೆ ಎದ್ದು ಹೋಗ್ಬೇಕಾಗ್ತದಮ್ಮ,” ಎಂದ. “ಎಲ್ಲಿಗೆ ಹೋಗ್ಲಿ?”

ಇಷ್ಟು ವರ್ಷ ಇವನನ್ನು ಕಂಡರೆ ಉರಿಯುತ್ತಿದ್ದ ಅವಳು ಅವನ ಮುಗಿದ ಕೈಗಳನ್ನು ಮೆಲ್ಲಗೆ ಬಿಡಿಸಿದಳು. ಅವನನ್ನು ಪಕ್ಕಕ್ಕೆ ಸರಿಸಿದಳು. ಅಮ್ಮನ ಹೆಣಕ್ಕೆ ಬೆನ್ನು ಕೊಟ್ಟಳು. ಕಟ್ಟೆಯ ಅಂಚಿನ ಕಲ್ಲಿನ ಮೇಲೆ ಹೋಗಿ ನಿಂತು ನೀರಿಗೆ ಮುಖ ಮಾಡಿದಳು.

ನೀರು ತುಂಬ ಸಪಾಟಾಗಿತ್ತು. ಕೆಳಗೆ ಬಂಡೆ ಇರುವ ಕಡೆ ನೀರಿನ ಬಣ್ಣ ಸ್ವಲ್ಪ ಕಪ್ಪು. ಅದರ ಸುತ್ತ, ಕಟ್ಟೆಯ ಬುಡದವರೆಗೂ, ಕೆಳಗಿನಿಂದ ಯಾರೋ ಉಸಿರಾಡುತ್ತಿರುವ ಹಾಗೆ ಸಣ್ಣ ಸಣ್ಣ ಗುಳ್ಳೆಗಳು ಬಂದು ಒಡೆಯುತ್ತಿದ್ದವು. ಸಾಲುಸಾಲಾಗಿ ಒಡೆಯುತ್ತಿದ್ದವು. ಆಶಾರಾಣಿ ಈ ತುದಿಯಿಂದ ಆ ತುದಿಗೆ ನೋಡಿದಳು. ಯಾಕೆ ಹಾಗೆ ನೋಡಿದಳೋ ಅವಳಿಗೂ ಗೊತ್ತಿರಲಿಲ್ಲ. ನೋಡಿ ಮುಗಿಸುವವರೆಗೆ ಬಾಯಿ ತೆರೆಯಲು ಆಗಲಿಲ್ಲ.

ಅವಳ ದನಿ ಅಮ್ಮನ ಹಾಗಿರಲಿಲ್ಲ. ಒರಟು ದನಿ, ಮೆಶಿನ್ನುಗಳ ನಡುವೆ ಕೂಗಿ ಅಭ್ಯಾಸವಾದ ದನಿ. ಕೆರೆಗೆ ಮಂಗಳ, ಕಟ್ಟೆಗೆ ಮಂಗಳ. ಮೊದಲ ಸಾಲು ನೀರಿಗೆ ತಟ್ಟಿ ವಾಪಸು ಬಂತು. ಕೂತ ಮಣ್ಣಿಗೆ, ಎದ್ದ ಕಾಲಿಗೆ ಮಂಗಳ. ಎರಡನೆಯದು ಬರಲು ತಡವಾಯಿತು. ಹಿಂದೆ ಭಾರತಮ್ಮ ಸಣ್ಣಗೆ ಗುನುಗುತ್ತಿದ್ದದ್ದು ಅವಳಿಗೆ ಕೇಳಿಸಿತು, ಆಂಜಿನಪ್ಪನೂ ಸೇರಿಕೊಂಡ ಹಾಗಿತ್ತು. ಮೂರನೆಯ ಸಾಲಿಗೆ ಅವಳು ಕಲ್ಲಿನ ತುದಿಗೆ ಇನ್ನೊಂದು ಹೆಜ್ಜೆ ಇಟ್ಟಳು. ಆರು ವರ್ಷ ಯಾರ ಬಾಯಲ್ಲೂ ಬರದ ಸಾಲು.

“ದಾರಿ ಬಿಡು ತಾಯಿ, ಮನೆಗೆ ಹೋಗೋರಿಗೆ ಮಂಗಳ.”

ಅದು ವಾಪಸು ಬರಲಿಲ್ಲ.

ಅವಳು ಕಾದಳು. ಗುಳ್ಳೆಗಳು ನಿಂತಿದ್ದವು. ಎಲ್ಲಿಯೂ ಏನೂ ಅಲುಗಲಿಲ್ಲ. ಆಮೇಲೆ ಬೆನ್ನ ಹಿಂದೆ ಒಂದು ಸದ್ದು ಶುರುವಾಯಿತು. ಮೊದಲು ಒಬ್ಬರದು, ಆಮೇಲೆ ಇನ್ನೊಬ್ಬರದು, ಆಮೇಲೆ ಎಲ್ಲರದೂ. ಬಟ್ಟೆಗೆ ಅಂಗೈ ಬಡಿಯುವ ಸದ್ದು.

ಅವಳು ತಿರುಗಿದಳು. ಹುಣಸೆಮರ ಹತ್ತಿರದಲ್ಲೇ, ಚಟ್ಟದ ತಲೆದೆಸೆಗೆ ನೆರಳು ಬೀಳುವಷ್ಟು ಹತ್ತಿರದಲ್ಲಿ ನಿಂತಿತ್ತು. ಅತ್ತ ಯಾರೂ ನೋಡುತ್ತಿರಲಿಲ್ಲ. ಭಾರತಮ್ಮ ಬಗ್ಗಿ ಸೀರೆಯ ಹಿಂಭಾಗ ಕೊಡವಿಕೊಳ್ಳುತ್ತಿದ್ದಳು. ಆಂಜಿನಪ್ಪ ಕೊಡವಿಕೊಳ್ಳುತ್ತಿದ್ದ. ತಮಟೆಯವರು, ಹೆಗಲು ಕೊಟ್ಟವರು, ಮೊರದವನು, ಇಷ್ಟು ಹೊತ್ತು ನಿಂತೇ ಇದ್ದವರು, ಬಹಳ ಹೊತ್ತು ನೆಲದ ಮೇಲೆ ಕೂತು ಎದ್ದವರ ಹಾಗೆ ಮೊಣಕಾಲು ಹಿಡಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಒಬ್ಬರನ್ನೊಬ್ಬರು ನೋಡದೆ ಬಟ್ಟೆ ಕೊಡವಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಹಿಂದೆ ಕೋದಂಡರಾಮಪ್ಪ. ಎರಡೂ ಕೈಯಲ್ಲಿ ಮೆಲ್ಲಗೆ, ಕಣ್ಣಿನಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಬೆಳಗ್ಗೆ ಇಸ್ತ್ರಿ ಹಾಕಿಸಿ ಉಟ್ಟು ಬಂದಿದ್ದ ಬಿಳಿ ಪಂಚೆಯ ಹಿಂಭಾಗವನ್ನು ಕೊಡವುತ್ತಿದ್ದ. ಅದರಿಂದ ಒಣಗಿದ ಕೆರೆಮಣ್ಣು ಉದುರುತ್ತಿತ್ತು, ಉದುರುತ್ತಲೇ ಇತ್ತು.